ಒಂದು ಗುಂಡಿ ಕಮ್ಮಿ

ಅತ್ತಿ ಸಿರುಗುಪ್ಪಕ್ಕ ಹೋದ್ಲು, ನಾದಿನಿ ಬಾಣಂತನಕ್ಕ.
ಹೋಗೋ ಮುಂದ ಹೊಸ್ತಿಲದಾಗ ನಿಂತು ಹೇಳಿದ್ಲು:
"ಎಂಟು ದಿವ್ಸ. ಹುಡುಗ್ರು ಜ್ವಾಕಿ.
ಉಪ್ಪಿನಕಾಯಿ ಭರಣ್ಯಾಗ ಹಸಿ ಕೈ ಹಾಕಬ್ಯಾಡ."
ಭರಣಿ ಅವತ್ತ ಮಧ್ಯಾಹ್ನನ ಒಡೀತು.
ಹಸಿ ಕೈ ಮಾತು ಅಲ್ಲಿಗೆ ಮುಗೀತು.

ಆಧಾರಿನಾಗ ಲಾಸ್ಯ, ಮನಿಯಾಗ ಸುಂಕಿ,
ಮೂರಕ್ಕ ಎರಡು ತಿಂಗಳು ಕಮ್ಮಿ.
ಆಕಿ ಹಿಂದ ಗಾದಿ, ಒಂದೂವರಿ ವರ್ಷದಾಂವ,
ನಡಿಯಾಕ ಬರಂಗಿಲ್ಲ, ಓಡಾಕಷ್ಟ ಬರತೈತಿ.
ಕೌಲ್ ಬಜಾರಿನ ಈ ಹತ್ತಕ್ಕ ಹನ್ನೆರಡು ಮನಿಯಾಗ ಅರ್ಧ ಜಾಗ
ನಾಕುನೂರು ಜೀನ್ಸು ಹಿಡದು ಕುಂತಾವ
ಎದ್ದು ಹೋಗದ ಬೀಗರಂಗ.
ದಾರ ಕತ್ತರಿಸಿ, ಗುಂಡಿ ಹೊಡದು, ಶನಿವಾರ ಸಂಜಿಗೆ ಕೊಡಬೇಕು.
ಗುಂಡಿ ಎಣಿಸಿ ಕೊಡತಾನ ಮೇಸ್ತ್ರಿ,
ಎಣಿಸೇ ತಗೋತಾನ.

ಸೋಮವಾರ ನಡುರಾತ್ರಿ ನಳ ಬಂತು, ಹನ್ನೊಂದು ದಿನದ ಮ್ಯಾಲ.
ಇಂವ ರಾತ್ರಿ ಪಾಳಿ. ನಾನು ಕೊಡ ಹಿಡದು ಹೊರಗ ನಿಂತೀನಿ,
ಸುಂಕಿ ಒಳಗಿಂದ ಅಗಳಿ ಹಾಕಿದ್ಲು.
ಹಾಕಾಕ ಆಗಷ್ಟ ಕಲ್ತಿದ್ಲು. ತೆಗಿಯಾಕ ಕಲ್ತಿರಲಿಲ್ಲ.
ಕಿಟಕಿ ಸರಳಿನಾಗ ಮಾರಿ ತೂರಿಸಿ ನಾನು,
"ಮ್ಯಾಲ ಎತ್ತವಾ... ಹಂಗಲ್ಲ, ಈ ಕಡಿ ಜಗ್ಗು..."
ಆಕಿ ನಗತಾಳ, ಗಾದಿ ಎದ್ದು ಅಳತಾನ,
ಬೆನ್ನ ಹಿಂದ ಕೊಡ ತುಂಬಿ ನೀರು ಮೋರಿಗೆ.
ಶಾಹಿದಾಬಿ ತನ್ನ ಪಾಳಿ ಬಿಟ್ಟು ಬಂದ್ಲು,
ಸರಳಿನಾಗ ಒಂದು ಕ್ರೀಮ್ ಬಿಸ್ಕೀಟು ಆಡಿಸಿದ್ಲು.
ಬಾಗಿಲು ತೆರೀತು. ನಳ ನಿಂತಿತ್ತು.

ಮರುದಿನವೋ ಅದರ ಮರುದಿನವೋ,
ಕರೆಂಟು ಇಲ್ಲದ ದಿನ, ಗೋಡಿಗೆ ಕೈ ಇಟ್ರ ರೊಟ್ಟಿ ಹಂಚು,
ಗುಂಡಿ ಎಣಿಸಿದೆ: ಒಂದು ಕಮ್ಮಿ.
ಎಂದೂ ಕುಂದ್ರದ ಗಾದಿ
ಮೂಲ್ಯಾಗ ಬಾಯಿ ಮುಚ್ಚಿ ಕುಂತಿದ್ದ.
ತೆರೆಸಿ ನೋಡಿದೆ. ಹಲ್ಲು ಅದಾವ. ಮತ್ತೇನಿಲ್ಲ.

ದೊಡ್ಡಾಸ್ಪತ್ರ್ಯಾಗ ಫೋಟೋ ತೆಗದ್ರು.
ಕರೇ ಹಾಳ್ಯಾಗ ನನ್ನ ಮಗನ ಪಕ್ಕೆಲುಬು,
ಗುಬ್ಬಿ ಕಡ್ಡಿ ಜೋಡಿಸಿದಂಗ,
ಕೆಳಗ ಬೆಳ್ಳಗ, ದುಂಡಗ, ಮೇಸ್ತ್ರಿ ಗುಂಡಿ.
ಕಂಪನಿ ಹೆಸರು ಸೈತ ಕಾಣತದೇನೋ ಅಂತ ಬಗ್ಗಿ ನೋಡಿದೆ.
"ಹೊಟ್ಟಿಗೆ ಇಳದೈತಿ, ತಾನ ಬರತೈತಿ," ಅಂದ್ಲು ಡಾಕ್ಟರಮ್ಮ.
"ಬಾಳಿಹಣ್ಣು ಕೊಡು. ನೋಡ್ಕೋತ ಇರು."

ನೋಡ್ಕೋತ ಇದ್ವಿ.
ವಾಷಿಂಗ್ ಯೂನಿಟ್ಟಿಂದ ನೀಲಿ ಕೈ ಹೊತ್ಕೊಂಡು ಬರೋ ಯರ್ರಿಸ್ವಾಮಿ
ಚಪ್ಪಲಿ ಬಿಡೋದ್ರಾಗ ಕೇಳತಾನ: "ಬಂತಾ?"
ಹಾಲಿನಾಂವ ಕೇಳತಾನ. ಮಿರ್ಚಿ ಬಂಡಿಯಾಕಿ
ವಗ್ಗರಣಿ ಪೊಟ್ಟಣ ಕಟ್ಟಿಕೋತ ಕೇಳತಾಳ.
ಅತ್ತಿ ಫೋನು ಬಂತು: "ಹೆಣ್ಣುಕೂಸು! ಬೆಳಗಿನ ಜಾವ ಬಂತು!"
"ನಮ್ಮದಿನ್ನೂ ಬಂದಿಲ್ಲ," ಅಂದೆ.
ಆಕಿಗೆ ತಿಳಿಲಿಲ್ಲ. ಚಲೋ ಆತು.

ಜಗಳಾನೂ ಆಡಿದ್ವಿ.
ಡಬ್ಬಿ ತೆರದಿಟ್ಟಾಕಿ ನೀನು, ಮನಿಯಾಗ ಇರದಾಂವ ನೀನು,
ದನಿ ತಗ್ಗಿಸಿ, ಹುಡುಗ್ರು ಏಳದಂಗ.
ಒಂದು ಬೆಳಗ್ಗಿ ಎದ್ದು ನೋಡತೀನಿ,
ಇಂವ ಪಾಳಿ ಮುಗಿಸಿ ಬಂದು ನನ್ನ ಕತ್ತರಿ ಹಿಡದು
ಎಪ್ಪತ್ತು ಪ್ಯಾಂಟಿನ ದಾರ ತೆಗದು ಅಲ್ಲೇ ಒರಗ್ಯಾನ,
ನೀಲಿ ಕೈ ಗಾದಿ ಹೊಟ್ಟಿ ಮ್ಯಾಲ.
ಮುಚ್ಚಳ ಇಟ್ಟಂಗ.

ಶನಿವಾರ, ಪ್ಲಾಸ್ಟಿಕ್ ಪಾಟಿನಾಗ
ಟಿಣ್.
ಸುಂಕಿ ಚಪ್ಪಾಳಿ ಹೊಡದ್ಲು.
ಶಾಹಿದಾಬಿ ಸಕ್ಕರಿ ಹಂಚಿದ್ಲು, ಎರಡೂ ಸುದ್ದಿಗೆ ಸೇರಿಸಿ.

ಡೆಟಾಲಿನಾಗ ಮೂರು ಸಲ ತೊಳದೆ, ಹಳೇ ಪಾತ್ರ್ಯಾಗ ಕುದಿಸಿದೆ.
ಸಂಜಿಗೆ ಒಂದು ಪ್ಯಾಂಟು ಉಳೀತು, ಸೊಂಟ ಮೂವತ್ನಾಕು.
ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ.
ಇಂವ ಪ್ಯಾಂಟು ಹಿಡದ, ನಾನು ಮಷೀನು ಒತ್ತಿದೆ.
ಮೇಸ್ತ್ರಿ ಎಣಿಸಿದ: "ಬರೋಬ್ಬರಿ."

ಎಲ್ಲಿ ಯಾರು ಹಾಕ್ಕೋತಾರೋ.
ಗಟ್ಟಿ ಗುಂಡಿ ಅದು. ಪರೀಕ್ಷಾ ಆಗೇತಿ.

ಐತವಾರ ಅತ್ತಿ ಬಂದ್ಲು, ಚೀಲ ಇಳಿಸೋದಕ್ಕ ಮೊದಲು
ಅಡಿಗಿ ಕಟ್ಟಿ ಮ್ಯಾಲ ಕಣ್ಣಾಡಿಸಿ,
"ಭರಣಿ ಎಲ್ಲೈತಿ?"
ನಾವಿಬ್ಬರೂ ಸುಮ್ಮನ.
ಸುಂಕಿ ಮುಂದ ಬಂದು
ತಮ್ಮನ ಹೊಟ್ಟಿ ತೋರಿಸಿದ್ಲು.