ಬಲ್ಬು ಹತ್ತವಲ್ದು

ಬನಹಟ್ಟ್ಯಾಗ, ಕೊಣ್ಣೂರ ಸಂಗಣ್ಣನ ಹೊಸ ಶೆಡ್ಡಿನ್ಯಾಗ
ಹನ್ನೆರಡು ಮಗ್ಗಕ್ಕ ಕರೆಂಟು ಕೊಟ್ಟು ಮುಗಿದಿತ್ತು.
ಗಿಲಾವು ಇನ್ನೂ ಹಸಿ.
ಸಂಗಣ್ಣ ಪೇಢೆ ತರಿಸಿದ್ದ, ಮೇನಿನ ಹಿಡಕಿಗೆ ಕುಂಕುಮ ಹಚ್ಚಿದ್ದ,
ನಾನು ಎತ್ತಿದೆ.
ಹನ್ನೆರಡೂ ಒಮ್ಮೆಲೆ ಖಟಪಟ ಅಂದವು,
ಲಾಳಿ ಓಡಿತು, ಕಟ್ಟಿ ಮ್ಯಾಲಿನ ಚಹಾದ ಕಪ್ಪು ನಡುಗಿತು.

ಅಷ್ಟರಾಗ ನಮ್ಮ ಹುಡುಗ ಗೈಬುಸಾಬ,
ನನ್ನ ಕೈಕೆಳಗ ಬಂದು ಎರಡ ತಿಂಗಳಾದಂವ,
ಹೋಲ್ಡರಿಗೆ ಎರಡು ವೈರು ಕಟ್ಟಿದ ತನ್ನ ಬಲ್ಬು ಹಿಡಕೊಂಡು ಬಂದು
ಎಲ್ಲಾರ ಮುಂದ ಅಂದ:
"ಫೇಸಿನಿಂದ ಅರ್ಥಿಗೆ ಹಚ್ಚಿ ನೋಡಿದ್ನಿರಿ ಮಿಸ್ತ್ರಿ.
ಬಲ್ಬು ಹತ್ತವಲ್ದು."

ಮಗ್ಗದ ಸಪ್ಪಳದಾಗ ಸಂಗಣ್ಣಗ ಕೇಳಲಿಲ್ಲ.
ನನಗ ಕೇಳಿತು.

ಕೇಳಿಲ್ಲದಂಗ ಪೇಢೆ ತಿಂದೆ.
ಅಂವ ಮತ್ತ ಅಂದ, ಈ ಸಲ ಕಿವಿಯ ಹತ್ತರ ಬಂದು.
"ಮಗ್ಗ ನಡ್ಯಾಕ್ಹತ್ತಿಲ್ಲೇನೋ?" ಅಂದೆ.
"ನಡೀತಾವ್ರಿ. ಅರ್ಥ್ ಇಲ್ದನೂ ನಡೀತಾವ್ರಿ."

ಖರೆ. ಅದ ನಮ್ಮ ಕಸುಬಿನ ಕೆಟ್ಟ ಗುಣ.
ಬಡಿಗ್ಯಾ ಕಾಲು ಗಿಡ್ಡ ಕೊರದರ ಹೊರಸು ಅಲಗಾಡತೈತಿ,
ಸಿಂಪಿಗ್ಯಾ ತಪ್ಪಿದರ ಅಂಗಿ ತೊಟ್ಟಾಗ ಕಾಣತೈತಿ.
ನಮ್ಮ ತಪ್ಪು ಗ್ವಾಡ್ಯಾಗ ಸುಮ್ಮನ ಕುಂತಿರತೈತಿ,
ಯಾವುದೋ ಮೋಟರಿನ ಒಳಗಿನ ವೈರು ತೊಗಲು ಬಿಡೂತನ,
ಬರಿಗಾಲಿನ್ಯಾಕಿ ಒಬ್ಬಾಕಿ ಮಗ್ಗದ ಕಬ್ಬಿಣ ಮುಟ್ಟೂತನ.

ನನಗೂ ಹತ್ತೊಂಬತ್ತಿದ್ದಾಗ, ಮಾಲಿಂಗಪುರದ ಹಿಟ್ಟಿನ ಗಿರಣ್ಯಾಗ
ನಮ್ಮ ಉಸ್ತಾದ ಹಿಂಗ ಬಿಟ್ಟಿದ್ದು ಕಂಡಿತ್ತು.
ಅನಲಿಲ್ಲ.
ಅಲ್ಲಿ ಏನೂ ಆಗಲಿಲ್ಲ, ಇವತ್ತಿಗೂ ಆಗಿಲ್ಲ.
ಅದ ನನ್ನ ಕೆಡಿಸಿತು.

ಹುಡುಗಗ ಬೈದೆ. ಏನಂತ ಬೈದೆ, ಬರಿಯೂದಿಲ್ಲ.
ಅಂವ ಬಲ್ಬಿಗೆ ವೈರು ಸುತ್ತಿ ಚೀಲದಾಗ ಇಟ್ಟ,
ನಿಂತ ಜಾಗಾ ಬಿಡಲಿಲ್ಲ.
"ಅರ್ಥ ಆತಿಲ್ಲೋ?" ಅಂತ ಒದರಿದೆ.
"ಅರ್ಥ್ ಆಗಿಲ್ಲರಿ," ಅಂದ.
ಚ್ಯಾಷ್ಟಿ ಮಾಡಿದ್ನೋ ಏನೋ, ಇನ್ನೂ ಗೊತ್ತಿಲ್ಲ.

ಮೂಲ್ಯಾಗ ಕಂಡಕಿ ಸುತ್ತೂ ನೀಲವ್ವ
ನೆಲಕ್ಕ ನೀರು ಚಿಮುಕಿಸಿ, ಆ ಹಸಿಯ ಮ್ಯಾಲೆ ಕಾಲೂರಿ
ರಾಟಿಗೆ ಕುಂತಿದ್ದಳು.
ಆಕಿ ಹಿಮ್ಮಡದ ಬಿರುಕು ಎಣಿಸಿದೆ. ಯಾಕ ಎಣಿಸಿದೆ?

ಮೇನು ಇಳಿಸಿದೆ.
ಹನ್ನೆರಡೂ ಸುಮ್ಮನಾದವು. ಇನ್ನ ನಾನು ಮಾತಾಡಬೇಕು.
"ಸಂಗಣ್ಣ, ತಪ್ಪು ನಂದೈತಿ."
ಎರಡ ಮಾತು,
ಮೂವತ್ತು ವರ್ಷದ ಮಿಸ್ತ್ರಿಯ ನಾಲಿಗಿಗೆ ಹೊಸಾವು.

ಗಿಲಾವು ಒಡದ್ವಿ. ಬೋರ್ಡಿನಿಂದ ಹೊಂಟ ಹಸಿರು ವೈರು
ಮೊಳ ದೂರ ಬಂದು, ಇಟ್ಟಂಗಿ ಸಂದ್ಯಾಗ
ಬಾಲ ಉದುರಿದ ಹಲ್ಲಿಯಂಗ ನಿಂತಿತ್ತು.
ಹೊರಗ ಕುಣಿ ಇತ್ತು, ಇದ್ದಲಿ ಇತ್ತು, ಉಪ್ಪಿತ್ತು,
ನಾನ ತುಂಬಿದ್ದೆ, ನಾಕು ಕೊಡ ನೀರೂ ಹಾಕಿದ್ದೆ.
ನಡುವ ಉಳಿದದ್ದು ಆರು ಫೂಟು,
ನಾಳೆ ಜೋಡಿಸಿದರಾತು ಅಂದು ಮರತದ್ದು.

ಕತ್ತಲಾದ ಮ್ಯಾಲೆ ಗೈಬು ಬಲ್ಬು ಹಚ್ಚಿದ. ಹತ್ತಿತು.
ಯಾರೂ ಏನೂ ಅನಲಿಲ್ಲ.

ಸಂಗಣ್ಣ ಎರಡು ಸಾವಿರ ಮುರಕೊಂಡ.
ಹುಡುಗ ಮುಂದಿನ ತಿಂಗಳು ತೇರದಾಳಕ್ಕ
ಬ್ಯಾರೆ ಮಿಸ್ತ್ರಿ ಕಡೆ ಹೋದ.
ಅದೊಂದು ಮಾತ್ರ ಹೇಳದ ಹೋದ.

ಗ್ವಾಡಿಯ ಆ ತ್ಯಾಪಿ ಇನ್ನೂ ಬ್ಯಾರೆ ಬಣ್ಣದ್ದೈತಿ.
ಸಂಗಣ್ಣ ಅದರ ಮ್ಯಾಲೆ ಕ್ಯಾಲೆಂಡರ ಹಾಕ್ಯಾನ.
ಹೋದಾಗೊಮ್ಮೆ ಸರಿಸಿ ನೋಡತೀನಿ.