ಕಿರುಬೆರಳು

ಪ್ರಸಂಗಕ್ಕೆ ಮೂರು ಭಾಗ, ಭಾಗಕ್ಕೊಂದು ಪೆಪ್ಪರ್‌ಮಿಂಟು,
ಝೀಲ್ಯಾಂಡಿನ ಈ ಊರಲ್ಲಿ ಅಜ್ಜಂದಿರ ಕಾಲದ ಲೆಕ್ಕ.
ಮೊದಲನೆಯದು ಕರಗುವಷ್ಟರಲ್ಲಿ
ಮನುಷ್ಯನ ಕೈಲಿ ಏನೂ ಇಲ್ಲವೆಂದು ಸಾಬೀತಾಗುತ್ತದೆ.
ಎರಡನೆಯದರಲ್ಲಿ ದೇವರು
ಜಗತ್ತಿಗೆ ಅಡಿಪಾಯ ಹಾಕುವ ಮುಂಚೆಯೇ
ಹೆಸರು ಬರೆದು ಮುಗಿಸಿದ ಪುಸ್ತಕ ಮುಚ್ಚುತ್ತಾನೆ.
ಮೂರನೆಯದನ್ನು ನೇಲ್ಚೆ ಬಾಯಿಗಿಡುವುದಿಲ್ಲ.
ಕೋಟಿನ ಜೇಬಿಗೆ ಹಾಕುತ್ತಾಳೆ,
ಅಣ್ಣನ ಪಾಲು.

ಐವತ್ತಮೂರರ ಫೆಬ್ರವರಿ.
ಕಟ್ಟೆ ಒಡೆದು ಸಮುದ್ರ ಅಡುಗೆಮನೆಗೆ ಬಂದ ರಾತ್ರಿ
ಅವಳಿಗೆ ಒಂಬತ್ತು, ಯೋಸ್ತನಿಗೆ ಹದಿನೈದು.
ಹೆಂಚಿನ ಮಾಡಿನ ಮೇಲೆ ಇಬ್ಬರೇ.
ಎದುರುಮನೆಯ ನೆತ್ತಿಯಲ್ಲಿ ಒಂದು ಬೆಕ್ಕು
ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು
ಆ ತುದಿಗೆ ಓಡಿತು, ಈ ತುದಿಗೆ ಓಡಿತು.
ಮರಿ ಒಂದೇ. ಹಿಂದಿನ ದಿನ ಮೂರಿದ್ದವು.

ಆಮೇಲೆ ಲಾಟೀನು, ದೋಣಿ, ಒಂದು ಕೈ.
ಆಮೇಲೆ ಯಾವುದೋ ಶಾಲೆ, ಕಂಬಳಿ, ಬಿಸಿ ಹಾಲು.
ಯೋಸ್ತ್ ಸಿಕ್ಕಿದ್ದು ಹನ್ನೊಂದನೆಯ ದಿನ,
ಬೀಟ್‌ರೂಟ್ ಹೊಲದ ಬೇಲಿಯಲ್ಲಿ.

"ನಿನ್ನನ್ನೆತ್ತಿದ್ದು ದೋಣಿಯವನಲ್ಲ, ಅನಾದಿ ಸಂಕಲ್ಪ,"
ಎಂದ ಸಭೆಯ ಹಿರಿಯ ಲೇಂಡರ್ಟ್.
"ಹಾಗಾದರೆ ಯೋಸ್ತ್?"
ಅವನು ಕಾಫಿ ಕಲಕಿದ, ತುಂಬಾ ಹೊತ್ತು,
ಸಕ್ಕರೆ ಹಾಕಿರಲಿಲ್ಲ.

"ಕೃಪೆ ಎಲ್ಲರ ಬಾಗಿಲಿಗೂ ದೋಣಿ ತರುತ್ತದೆ ಕಣೇ,
ಕೈ ಚಾಚುವುದು ನಮಗೆ ಬಿಟ್ಟದ್ದು. ನೀನು ಚಾಚಿದೆ,"
ಎಂದಳು ರಾಟರ್‌ಡ್ಯಾಮಿನ ದಿಂಗೆನಾ ಚಿಕ್ಕಮ್ಮ,
ಬೇರೆ ಸಭೆಯವಳು, ಟೋಪಿಯಿಲ್ಲದೆ ಪ್ರಾರ್ಥಿಸುವವಳು.
"ಹಾಗಾದರೆ ಯೋಸ್ತ್?"
ಚಿಕ್ಕಮ್ಮ ಅವಳ ಜಡೆ ಬಿಚ್ಚಿ ಮತ್ತೆ ಹೆಣೆದಳು.

ಐವತ್ತು ವರ್ಷ
ಕರ್ತನ ಮೇಜಿಗೆ ಎಲ್ಲರೂ ಎದ್ದಾಗ
ನೇಲ್ಚೆ ಎದ್ದಿಲ್ಲ.
ಆರಿಸಿಕೊಂಡವರ ರೊಟ್ಟಿ ಅದು.
ತಪ್ಪಿ ತಿಂದರೆ?
ತಪ್ಪಿ ಬದುಕಿದಂತೆಯೇ ತಪ್ಪಿ ತಿಂದರೆ?

ಬಂದರಿನ ವೃದ್ಧಾಶ್ರಮದಲ್ಲಿ ಕ್ರೈನ್ ಇದ್ದಾನೆಂದು
ಮೀನು ಮಾರುವವಳು ಹೇಳಿದಳು. ಎಂಬತ್ತನಾಲ್ಕು.
ಹಲ್ಲಿಲ್ಲ, ನೆನಪಿದೆ.
"ನಿಮ್ಮ ಕೈಯನ್ನು ನಾನು ಗಟ್ಟಿಯಾಗಿ ಹಿಡಿದಿದ್ದೆ, ಅಲ್ಲವೇ?"
ಮುದುಕ ನಕ್ಕ, ಕೆಮ್ಮಿದ.
"ನೀನೆಲ್ಲಿ ನನ್ನ ಕೈ ಹಿಡಿದೆ?
ಮಾಡಿನ ತಗಡು ಹಿಡಿದಿದ್ದೆ, ಮಂಜುಗಡ್ಡೆಯಾಗಿ.
ಬಾ ಅಂದರೆ ಒದ್ದೆ, ಬೈದೆ.
ಬೆರಳು ಒಂದೊಂದಾಗಿ ಬಿಡಿಸಬೇಕಾಯಿತು.
ಕಿರುಬೆರಳು ಲಟಕ್ಕೆಂದಿತು.
ತಪ್ಪಾಯಿತು, ಮಗಳೇ."

ಸೊಟ್ಟ ಕಿರುಬೆರಳನ್ನು ಅವಳು
ಮೊದಲ ಸಲ ನೋಡುವಂತೆ ನೋಡಿದಳು.
"ಯೋಸ್ತ್?"

"ನಾನು ಹಿಡಿದದ್ದು ಮೊದಲು ಅವನನ್ನೇ,
ಹತ್ತಿರವಿದ್ದವನು ಅವನೇ.
ಒಬ್ಬರಿಗಷ್ಟೇ ಜಾಗ. ಕೈ ಕೊಡವಿಕೊಂಡ,
ಚಿಕ್ಕವಳನ್ನು, ಅಂದ.
ಮತ್ತೆ ಬಂದಾಗ ಮಾಡಿರಲಿಲ್ಲ.
ಮನೆ ಇದ್ದ ಜಾಗದಲ್ಲಿ ನೀರು
ಬೇರೆ ನೀರಿನ ಹಾಗೆಯೇ ಇತ್ತು."

ಬಹಳ ಹೊತ್ತು ಯಾರೂ ಮಾತಾಡಲಿಲ್ಲ.
ಕಿಟಕಿಯಾಚೆ ಇಳಿತ,
ಕೆಸರಿನಲ್ಲಿ ಹಕ್ಕಿಗಳು ಏನನ್ನೋ ಕೆದಕುತ್ತಿದ್ದವು.
ಅವಳು ಜೇಬಿಗೆ ಕೈ ಹಾಕಿ
ಮೂರನೆಯ ಪೆಪ್ಪರ್‌ಮಿಂಟನ್ನು
ಮುದುಕನ ಅಂಗೈಗಿಟ್ಟಳು.

ಚೀಪುತ್ತಾ ಕೇಳಿದ, ಗುಡಿ ಮೆಟ್ಟಿಲು ತುಳಿಯದವನು:
"ಇವತ್ತು ಪ್ರಸಂಗದಲ್ಲಿ ಏನು ಹೇಳಿದರು?"

"ಇನ್ನೂ ಮುಗಿದಿಲ್ಲ," ಎಂದಳು ನೇಲ್ಚೆ.