ಎರಡೂವರೆ ಅಡಿ

ಮೇಟಗಳ್ಳಿಯಲ್ಲಿ ಇಪ್ಪತ್ತು-ಮೂವತ್ತರ ಸೈಟು.
ಮನೆ ಕಟ್ಟಿ ಮಿಕ್ಕಿದ್ದು
ಗೇಟಿಗೂ ಚರಂಡಿಗೂ ನಡುವೆ ಎರಡೂವರೆ ಅಡಿ,
ಅದೂ ಕಾರ್ಪೊರೇಷನ್ನಿನದು.
ಖಾತೆ ಯಾರ ಹೆಸರಲ್ಲಿದೆ ಎಂದು
ದಾಸವಾಳ ಕೇಳಲಿಲ್ಲ.

ಇವರು ಫ್ಯಾಕ್ಟರಿಯಿಂದ ಹೊತ್ತು ತಂದ ರಿಜೆಕ್ಟಾದ ಟೈರು ಏಳು.
ಕುಯ್ದು, ಒಳಗನ್ನು ಹೊರಗೆ ಮಾಡಿ ಮಗುಚಿ,
ಗೇಟಿಗೆ ತಂದು ಉಳಿದ ನೀಲಿ ಬಳಿದೆವು.
'ಪಂಚರ್ ಅಂಗಡಿ ಇಟ್ಟಿರಾ?' ಅಂದವರೇ
ಹೂ ಬಿಟ್ಟ ಮೇಲೆ ಕಡ್ಡಿ ಕೇಳಲು ಬಂದರು.

ಮೇ ಫ್ಲವರ್ ಮಾತ್ರ ಟೈರಿನಲ್ಲಿಲ್ಲ.
'ಅದಕ್ಕೆ ನೆಲವೇ ಬೇಕು' ಎಂದು ಅವ್ವ
ಕೆ.ಆರ್. ಪೇಟೆಯಿಂದ ಸೆರಗಿನ ತುದಿಗೆ ಗಂಟು ಕಟ್ಟಿ ತಂದ ಗೆಡ್ಡೆ.
'ಈರುಳ್ಳಿ ಅಂದ್ಕೊಂಡು ಸಾರಿಗೆ ಹಾಕ್ಬುಟ್ಟೀಯೆ, ಜ್ವಾಕೆ.'

ಯುಗಾದಿಯ ಮಾವಿನ ತೋರಣ
ಒಣಗಿ ಗಲಗಲ ಅನ್ನುತ್ತಿರುತ್ತೆ, ತೆಗೆಯುವುದಿಲ್ಲ;
ಬೇಸಿಗೆಯಲ್ಲಿ ಗಾಳಿ ಬಂತೆಂದು
ನಮಗೆ ಹೇಳುವುದು ಅದೊಂದೇ.
ಎರಡು ಮಳೆ ಬಿದ್ದ ಬೆಳಿಗ್ಗೆ
ಎಲೆಯಿಲ್ಲ, ಸುದ್ದಿಯಿಲ್ಲ,
ಮಣ್ಣು ಸೀಳಿ ಒಂದು ದಂಟು, ತಲೆ ಮೇಲೆ ಕೆಂಪು ಚೆಂಡು.
ಹನ್ನೆರಡು ದಿನ.
ಆಮೇಲೆ ಎಲೆ, ಎಲೆಯೂ ಹಳದಿ, ಆಮೇಲೆ ಬರಿ ಮಣ್ಣು.
ಬರಿ ಮಣ್ಣಿಗೂ ರಂಗೋಲಿಯಲ್ಲಿ ಒಂದು ಸುತ್ತು ಹಾಕಿಡುತ್ತೇನೆ,
ಯಾರೂ ತುಳಿಯದಿರಲೆಂದು.

ಆ ವರ್ಷ ದಸರಾ ಕೈತೋಟ ಸ್ಪರ್ಧೆಗೆ ಹೆಸರು ಕೊಟ್ಟೆ.
ಆಷಾಢದ ಗಾಳಿಯಲ್ಲಿ ಸೇವಂತಿಗೆಗೆ
ಮುರಿದ ಕೊಡೆಯ ಕಡ್ಡಿ ಆಸರೆ,
ವಾರಕ್ಕೊಮ್ಮೆ ಕಡಲೆಹಿಂಡಿ ನೆನೆಸಿದ ನೀರು
(ಬೀದಿಯೇ ಮೂಗು ಮುಚ್ಚಿತು).
ಮೊಗ್ಗು ಬಿರಿಯುವ ವಾರಕ್ಕೆ ಸರಿಯಾಗಿ
ಗ್ಯಾಸ್ ಪೈಪಿನವರು ಬಂದರು.

ದೇವದುರ್ಗದ ಹುಡುಗ ಯಲ್ಲಾಲಿಂಗ
ಟೈರುಗಳನ್ನು ಒಂದೊಂದಾಗಿ ತಬ್ಬಿ ಎತ್ತಿಟ್ಟ,
'ಗಿಡಕ್ಕ ಏನೂ ಆಗಂಗಿಲ್ರಿ ಅಕ್ಕಾರ.'
ಗಿಡಕ್ಕೆ ಏನೂ ಆಗಲಿಲ್ಲ.
ಗೆಡ್ಡೆಯ ವಿಷಯ ಹೇಳುವಷ್ಟರಲ್ಲಿ
ನೆಲವೇ ಇರಲಿಲ್ಲ.

ತೀರ್ಪುಗಾರರು ಮೂವರು.
'ತೋಟ ಎಲ್ಲಿ?'
'ಗುಂಡಿಯ ಆಚೆ.'
ಹಲಗೆ ದಾಟಿ ಬಂದವರು ಒಬ್ಬರೇ,
ಸೇವಂತಿಗೆ ಮೂಸಿ, ಏನೋ ಬರೆದು, ಹಾಗೇ ದಾಟಿ ಹೋದರು.
ನಾನು ಓದಿದ್ದು ತಲೆಕೆಳಗಾಗಿ:
'ಶುಚಿತ್ವ'ದ ಎದುರಿಗೆ ಒಂದು ಗೀಟು.

ಆ ರಾತ್ರಿ ಯಾರೂ ಬೀಳದಿರಲೆಂದು
ಪಕ್ಕದ ಮನೆ ಚೌರಪ್ಪ
ತನ್ನ ಕಿಟಕಿಯಿಂದ ವೈರೆಳೆದು
ಗುಂಡಿಯುದ್ದಕ್ಕೂ ಸೀರಿಯಲ್ ಸೆಟ್ ಬಿಟ್ಟ.
ಕಂಪನಿಯವರ ಕೆಂಪು-ಬಿಳಿ ಪಟ್ಟಿ
ತೋರಣದ ಹಾಗೆ ಪಟಪಟ.
ಅರಮನೆ ದೀಪ ನೋಡಿ ಬಂದ ಮಕ್ಕಳು
ನಮ್ಮ ಗುಂಡಿ ಮುಂದೆಯೂ ನಿಂತರು.

ಗುಂಡಿ ಮುಚ್ಚಿದರೂ ದೀಪ ಇಳಿಯಲಿಲ್ಲ.
ದೀಪಾವಳಿಗೆ ಅದೇ,
ಡಿಸೆಂಬರಿನಲ್ಲಿ ಅದಕ್ಕೇ ಅವನ ಕಾಗದದ ನಕ್ಷತ್ರ,
ಸಂಕ್ರಾಂತಿಗೆ ಕಂಬವಾಗಿ ಮಂಡ್ಯದ ಎರಡು ಕಬ್ಬು;
ಸಿಹಿಗೆ ಇರುವೆ ಬಂದು
ಬಲ್ಬಿನ ಸಾಲಿನ ಕೆಳಗೆ ಅವುಗಳದೂ ಒಂದು ಸಾಲು.
ಶಿವರಾತ್ರಿ ಹೊತ್ತಿಗೆ ಹಸಿರು ಬಲ್ಬುಗಳು ಸತ್ತು
ಕೆಂಪಷ್ಟೇ ಉಳಿದವು.

ಮೇ. ಎರಡು ಮಳೆ.
ರಂಗೋಲಿ ಹಾಕುತ್ತಿದ್ದ ಜಾಗದಲ್ಲಿ ಸಿಮೆಂಟಿನ ತೇಪೆ.
ಹಾಲಿಗೆ ಹೊರಟವಳು ನಿಂತೆ:
ಚೌರಪ್ಪನ ಗೇಟಿನ ಮಗ್ಗುಲು, ಅಂದು ತೋಡಿ ಸುರಿದ ಮಣ್ಣಲ್ಲಿ,
ಜಲ್ಲಿ ನೂಕಿಕೊಂಡು, ಕೆಂಪು ಚೆಂಡು.

ಕುರ್ಪಿ ತೆಗೆದುಕೊಂಡು ಹೋದೆ.
ಸುತ್ತ ನಾಲ್ಕು ಇಟ್ಟಿಗೆ ನಿಲ್ಲಿಸಿ,
ಅದೇ ಕೆಂಪು-ಬಿಳಿ ಪಟ್ಟಿ ಕಟ್ಟಿ,
ಚೌರಪ್ಪ ಕುಕ್ಕರಗಾಲಲ್ಲಿ ಕೂತಿದ್ದ.
'ಯಾರು ನೆಟ್ಟರೋ ಗೊತ್ತಿಲ್ಲ ಕಣಮ್ಮ,' ಅಂದ,
'ಬೆಳಿಗ್ಗೆ ನೋಡ್ತೀನಿ, ಬಂದುಬಿಟ್ಟಿದೆ.'

ಕುರ್ಪಿಯನ್ನು ಸೀರೆ ನೆರಿಗೆಗೆ ಮರೆಮಾಡಿ
'ಒಂದು ಹಿಡಿ ಕರಿಬೇವು ಇದೆಯಾ' ಎಂದೆ.
ನಮ್ಮ ಐದನೇ ಟೈರಿನಲ್ಲಿ ಕರಿಬೇವು ಇದೆ,
ಅವನಿಗೂ ಗೊತ್ತು.
ಕಿತ್ತು ಕೊಟ್ಟ.